ಮಾವ ತಾರಸಿಯ ಮೇಲೆ, ಏಣಿ ದಿಮ್ಮಿಯ ಮೇಲೆ

ದಿಮ್ಮಿ ಕುಯ್ಯುವವರ ಕೂಟಕ್ಕೆ ಸೇರಿದವರು ಯಾರೂ ಹೊಟ್ಟೆಪಾಡಿಗೆ ಮರ ಕುಯ್ಯುವವರಲ್ಲ. ಹೊಟ್ಟೆಪಾಡಿಗೆ ಕುಯ್ಯುವವನು ರಜೆ ಬಂತೆಂದರೆ ಮೆಷಿನ್ನನ್ನು ಮೂಲೆಗಿಟ್ಟು ಕಾಲು ಚಾಚಿ ಮಲಗುತ್ತಾನೆ. ಇವರು ವಾರವಿಡೀ ಬೇರೆ ಕಸುಬು ಮಾಡಿ, ರಜೆಯ ದಿನ ಚೈನ್ ಗರಗಸ ಹೆಗಲಿಗೇರಿಸಿಕೊಂಡು, ಎಲ್ಲಿ ಮರ ಬಿದ್ದಿದೆ ಎಂದು ಹದ್ದಿನ ಹಾಗೆ ಕಾಯುವ ಜನ. ಗಾಳಿ ಜೋರಾಗಿ ಬೀಸಿದರೆ ಉಳಿದವರು ಕಿಟಕಿ ಮುಚ್ಚುತ್ತಾರೆ. ಇವರು ತೆರೆದು ಕಿವಿಗೊಡುತ್ತಾರೆ.

ಕೂಟದ ಯಜಮಾನಿಕೆ ಹಲ್ಲಿನ ಡಾಕ್ಟರದ್ದು. ದಿನಾ ಬೆಳಗಾದರೆ ಅಕ್ಕಿಕಾಳಿನಷ್ಟು ತೂತಿಗೆ ಬೆವರು ಸುರಿಸುವ ಮನುಷ್ಯನಿಗೆ ತೋಳುದ್ದದ ಗರಗಸ ಕೈಗೆ ಬಂದರೆ ಎಷ್ಟು ಹಾಯೆನಿಸುತ್ತದೆ ಎಂಬುದನ್ನು ಇನ್ನೊಬ್ಬ ಹಲ್ಲಿನ ಡಾಕ್ಟರೇ ಹೇಳಬೇಕು. ಗರಗಸದ ಹಲ್ಲುಗಳನ್ನು ಅವರೇ ಅರ ಹಿಡಿದು ಮಸೆಯುತ್ತಿದ್ದರು. ಅಷ್ಟು ಚೆಂದದ ಹಲ್ಲು ಊರಿನಲ್ಲಿ ಯಾರ ಬಾಯಲ್ಲೂ ಇಲ್ಲವೆಂದು ಅವರ ಪೇಷಂಟುಗಳೇ ಒಪ್ಪಿಕೊಂಡಿದ್ದರು. ಆ ಮೆಷಿನ್ನು ಚಾಲೂ ಆಯಿತೆಂದರೆ ಮೂರು ಬೀದಿಯಾಚೆಯ ಕಾಗೆಗಳು ಹಿಮ್ಮುಖವಾಗಿ ಹಾರುತ್ತಿದ್ದವು. ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾರೆ, ಬೇಕಾದರೆ ಕೇಳಿ ನೋಡಬಹುದು.

ತೊಂದರೆ ಇದ್ದದ್ದು ಜಾಗದ್ದು. ಡಾಕ್ಟರ ಸಂಸಾರ ಇರುವುದು ಮೂರನೇ ಮಹಡಿಯ ಫ್ಲಾಟಿನಲ್ಲಿ. ಅಲ್ಲಿ ಮೆಷಿನ್ನು ಚಾಲೂ ಮಾಡಿದರೆ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡುವುದಿಲ್ಲ, ನೇರ ಸೈನ್ಯಕ್ಕೇ ಮಾಡುತ್ತಾರೆ. ಹಾಗಾಗಿ ಕೂಟದ ಸಕಲ ಸರಂಜಾಮೂ ಡಾಕ್ಟರ ಮಾವನ ಹಿತ್ತಲಿನ ಶೆಡ್ಡಿನಲ್ಲಿತ್ತು. ಮೇಲೆ ಸಿಮೆಂಟಿನ ತಾರಸಿ, ಮುಂದೆ ಅಗಲವಾದ ರೋಲಿಂಗ್ ಶಟರ್, ಪಕ್ಕದಲ್ಲಿ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ನುಗ್ಗುವಷ್ಟು ಸಣ್ಣ ಬಾಗಿಲು. ಶೆಡ್ಡು ಇದ್ದರೆ ಕೂಟ, ಶೆಡ್ಡು ಹೋದರೆ ಡಾಕ್ಟರಿಗೆ ಮತ್ತೆ ಅಕ್ಕಿಕಾಳಿನ ತೂತೇ ಗತಿ.

ಶೆಡ್ಡು ಹೋಗುವುದು ನಿಶ್ಚಯವಾಗಿತ್ತು.

ಮಾವ ರಿಟೈರಾದ ಲಿಫ್ಟ್ ಇನ್ಸ್‌ಪೆಕ್ಟರ್. ಜೀವಮಾನವೆಲ್ಲ ಜನರನ್ನು ಮೇಲೆ ಕೆಳಗೆ ಮಾಡಿಸಿದವರು. ಇಷ್ಟು ಭಾರ ತಾಳುತ್ತದೆ ಎಂದು ಬರೆದಿರದ ಯಾವ ವಸ್ತುವಿನ ಮೇಲೂ ಕಾಲಿಡದವರು. ಅವರ ಕಿರಿಯ ಅಳಿಯ, ಅಂದರೆ ಡಾಕ್ಟರ ಷಡ್ಡಕ, ಹೊಸ ಕಾರು ತೆಗೆದುಕೊಂಡಿದ್ದ. ಅವನ ಬಾಡಿಗೆ ಮನೆ ಇದ್ದದ್ದು ಪಕ್ಕದ ಬೀದಿಯಲ್ಲಿ, ಅಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ಕಿರಿಯ ಮಗಳು ಬಂದು ಮುಖ ಸಣ್ಣದು ಮಾಡಿದಳು. ಮಾವ ಆಗಲಿ ಎಂದುಬಿಟ್ಟರು.

"ಭಾನುವಾರ ಸಾಯಂಕಾಲ ಕಾರು ಬರುತ್ತೆ," ಎಂದರು ಮಾವ. "ಅಷ್ಟರಲ್ಲಿ ನಿಮ್ಮ ಹೊಟ್ಟು, ಹಲಗೆ, ಹಾಳುಮೂಳು ಎಲ್ಲ ಖಾಲಿ ಆಗ್ಬೇಕು, ಅಳಿಯಂದ್ರೇ."

"ಮಾವ, ನನಗೆ ಒಂದು ಮೂಲೆ ಕೊಟ್ರೆ ಸಾಕಿತ್ತು."

"ಕಾರಿಗೂ ನಾಲ್ಕು ಮೂಲೆ ಇರುತ್ತಲ್ಲಪ್ಪ."

ಡಾಕ್ಟರು ಅಂದೇ ಕೂಟಕ್ಕೆ ಕರೆ ಕಳಿಸಿದರು: ಇದೇ ಕೊನೆ, ಎಲ್ಲರೂ ಬನ್ನಿ. ಕೂಟದಲ್ಲಿದ್ದ ಗಣಿತದ ಮೇಷ್ಟ್ರ ಶಾಲೆಯ ಅಂಗಳದಲ್ಲಿ ಬಿದ್ದಿದ್ದ ಮರದ ದಿಮ್ಮಿ ಎರಡು ವಾರದಿಂದ ಹಿತ್ತಲಲ್ಲಿ ಬಿದ್ದುಕೊಂಡಿತ್ತು. ಸಾಮಾನ್ಯದ ದಿಮ್ಮಿಯಲ್ಲ. ಈ ಕಡೆ ಕೂತವನಿಗೆ ಆ ಕಡೆ ಕೂತವನ ಟೋಪಿ ಮಾತ್ರ ಕಾಣುವಂಥದ್ದು. ಅದನ್ನು ಕುಯ್ದು, ಕನ್ನಡಿಯಂಥ ಹಲಗೆ ತೆಗೆದು, ಮಾವನ ಮುಂದೆ ಹಿಡಿದರೆ ಮುದುಕರ ಮನಸ್ಸು ಕರಗೀತು ಎಂಬುದೊಂದೇ ಡಾಕ್ಟರ ಆಸೆ. ಮಾವನ ಮನಸ್ಸು ಹಿಂದೆಂದಾದರೂ ಕರಗಿದ್ದುಂಟೇ ಎಂದು ಯಾರೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಕೂಟ ನೆರೆಯಿತು. ಮೇಷ್ಟ್ರು ಅಳತೆಪಟ್ಟಿ ಹಿಡಿದು ಬಂದರು. ಹಿಟ್ಟು ನಾದಿ ನಾದಿ ತೊಡೆಯಂಥ ತೋಳು ಬೆಳೆಸಿದ ಬೇಕರಿಯವನು ಬಂದ. ಉಳಿದವರು ತಂತಮ್ಮ ಮೆಷಿನ್ನು ಕೂಸಿನ ಹಾಗೆ ಅವುಚಿಕೊಂಡು ಬಂದರು. ಬಂದವರು ಬಂದ ಹಾಗೇ ದಿಮ್ಮಿಯ ಸುತ್ತ ನಿಂತು, ತಲೆ ಬಗ್ಗಿಸಿ, ಅದನ್ನೇ ನೋಡತೊಡಗಿದರು. ಆ ತಲೆಗಳು ಆಮೇಲೆ ಬಹಳ ಹೊತ್ತು ಮೇಲೇಳಲಿಲ್ಲ.

ದಿಮ್ಮಿಯ ಮೊದಲ ಕೊಯ್ತದ ಕಷ್ಟವೆಂದರೆ, ಅದರ ಬೆನ್ನು ದುಂಡಗಿರುತ್ತದೆ. ಗರಗಸಕ್ಕೆ ಕಟ್ಟಿದ ಕಬ್ಬಿಣದ ಚೌಕಟ್ಟು ನೆಟ್ಟಗೆ ಜಾರಿಕೊಂಡು ಹೋಗಬೇಕಾದರೆ ಕೆಳಗೆ ನೆಟ್ಟಗಿನದು ಏನಾದರೂ ಬೇಕು. ಅದಕ್ಕೆ ಈ ಜನ ದಿಮ್ಮಿಯ ಬೆನ್ನ ಮೇಲೆ ಒಂದು ಏಣಿಯನ್ನು ಮಲಗಿಸಿ, ಸ್ಕ್ರೂ ಬಿಗಿದು, ಅದರ ಮೇಲೆ ಗರಗಸ ಓಡಿಸುತ್ತಾರೆ. ವರ್ಷಗಟ್ಟಲೆ ಹೀಗೇ ಮಾಡಿ ಇವರಿಗೆ ಏಣಿ ಎಂದರೆ ಹತ್ತುವ ವಸ್ತು ಎಂಬುದೇ ಮರೆತುಹೋಗಿತ್ತು.

"ಏಣಿ ತಗೊಂಡ್ ಬಾರಯ್ಯ," ಎಂದರು ಮೇಷ್ಟ್ರು.

ಬೇಕರಿಯವನು ಹೋದ. ಮಾವನ ಅಲ್ಯೂಮಿನಿಯಂ ಏಣಿ ಶೆಡ್ಡಿನ ಗೋಡೆಗೆ ಒರಗಿತ್ತು. ಯಾವಾಗಲೂ ಮಲಗಿಸಿಟ್ಟಿರುತ್ತಿದ್ದ ಏಣಿ ಇಂದು ಯಾಕೆ ನಿಂತಿದೆ ಎಂದು ಬೇಕರಿಯವನು ಯೋಚಿಸಲಿಲ್ಲ. ನಿಂತಿದ್ದರೆ ಬಗ್ಗುವ ಕೆಲಸ ತಪ್ಪಿತು ಎಂದುಕೊಂಡ. ಒಂದೇ ಕೈಯಲ್ಲಿ ಎತ್ತಿ ತಂದ.

ಅಷ್ಟು ಹೊತ್ತಿಗೆ ಮಾವ ತಾರಸಿಯ ಮೇಲಿದ್ದರು.

ಹೊಸ ಕಾರಿನ ಮೇಲೆ ನೀರು ತೊಟ್ಟಿಕ್ಕಬಾರದಲ್ಲ, ತಾರಸಿ ಎಲ್ಲಾದರೂ ಬಿರುಕು ಬಿಟ್ಟಿದೆಯೋ ಎಂದು ನೋಡಲು ಹತ್ತಿದ್ದರು. ಏಣಿಯ ಮೇಲೆ ಅದು ತಾಳುವ ಭಾರವನ್ನು ಅಚ್ಚು ಹಾಕಿದ್ದರಿಂದಲೇ ಹತ್ತಿದ್ದರು. ತಾರಸಿಯ ಆ ತುದಿಯಲ್ಲಿ ಮೊಣಕಾಲೂರಿ ಬಿರುಕಿಗೆ ಬೆರಳಾಡಿಸುತ್ತಿದ್ದವರು ತಿರುಗಿ ಬರುವಷ್ಟರಲ್ಲಿ, ಅವರ ಏಣಿ ದಿಮ್ಮಿಯ ಮೇಲೆ ಅಂಗಾತ ಮಲಗಿ ಸ್ಕ್ರೂ ಬಿಗಿಸಿಕೊಳ್ಳುತ್ತಿತ್ತು.

"ಏಯ್!" ಎಂದರು ಮಾವ.

ಕೆಳಗಿನವರೆಲ್ಲ ಅದೇ ಗಳಿಗೆಯಲ್ಲಿ ಕಿವಿ ಮುಚ್ಚುವ ಡಬ್ಬಿಗಳನ್ನು ತಲೆಗೇರಿಸಿದರು. ಡಾಕ್ಟರು ಮೆಷಿನ್ನು ಚಾಲೂ ಮಾಡುವ ಹಗ್ಗ ಎಳೆದರು. ಕಾಗೆಗಳು ಹಿಮ್ಮುಖವಾಗಿ ಹಾರಿದವು.

ಗರಗಸ ದಿಮ್ಮಿಗೆ ಬಾಯಿ ಹಾಕಿತು. ಹೊಟ್ಟು ಕಾರಂಜಿಯಂತೆ ಚಿಮ್ಮಿತು. ಡಾಕ್ಟರು ಒಂದೊಂದೇ ಹೆಜ್ಜೆ ಮುಂದಿಡುತ್ತ, ಚೌಕಟ್ಟನ್ನು ಏಣಿಯ ಮೇಲೆ ತಳ್ಳುತ್ತ, ಬೆವರು ಒರೆಸಲೆಂದು ತಲೆಯೆತ್ತಿದಾಗ ತಾರಸಿಯ ಮೇಲೆ ಮಾವ ಕಂಡರು. ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದರು. ಬಾಯಿ ಅಗಲವಾಗಿ ತೆರೆದಿತ್ತು. ವೃತ್ತಿಯ ಚಾಳಿ ನೋಡಿ, ಡಾಕ್ಟರ ಕಣ್ಣಿಗೆ ಮೊದಲು ಬಿದ್ದದ್ದು ಮೇಲಿನ ದವಡೆಯ ಹಲ್ಲಿಗೆ ತುಂಬಿದ್ದ ಬೆಳ್ಳಿ. ಆಮೇಲೆ ಎದೆ ತುಂಬಿಬಂತು. ಮದುವೆಯಾದ ಲಾಗಾಯ್ತು ಮಾವ ಇವರನ್ನು ನೋಡಿ ಹೀಗೆ ಕೈಬೀಸಿದ್ದೇ ಇಲ್ಲ. ಹಲಗೆ ಇನ್ನೂ ಹೊರಗೆ ಬಿದ್ದಿಲ್ಲ, ಆಗಲೇ ಕರಗಿಬಿಟ್ಟರಲ್ಲ! ಡಾಕ್ಟರು ಹೆಬ್ಬೆರಳೆತ್ತಿ ತೋರಿಸಿ ಒಂದು ನಗೆ ಬೀರಿದರು.

ಮಾವ ಒಂದು ಚಪ್ಪಲಿ ಎಸೆದರು. ಅದು ಹೊಟ್ಟಿನ ಗುಡ್ಡೆಯಲ್ಲಿ ಮೆತ್ತಗೆ ಬಿದ್ದು, ಅದರ ಮೇಲೆ ಮತ್ತಷ್ಟು ಹೊಟ್ಟು ಬಿದ್ದು, ಇದ್ದ ಗುರುತೂ ಇಲ್ಲದಂತಾಯಿತು. ಇನ್ನೊಂದನ್ನೂ ಎಸೆದರು. ಅದು ಬೇಕರಿಯವನ ಬೆನ್ನಿಗೆ ತಗುಲಿತು. ಅವನು ಬೆನ್ನು ಕೆರೆದುಕೊಂಡ.

ಕೊಯ್ತ ಅರ್ಧ ದಾಟಿದಾಗ ಅತ್ತೆ ಟೀ ತಂದರು. ಮೆಷಿನ್ನು ನಿಂತಿತು, ಡಬ್ಬಿಗಳು ಕಿವಿಯಿಂದಿಳಿದವು. ಆಗ ಆಕಾಶವಾಣಿಯಂತೆ ಮೇಲಿನಿಂದ ಬೈಗುಳ ಇಳಿಯಿತು. ಪೂರ್ತಿ ಬರೆಯುವಂಥದ್ದಲ್ಲ. ಕೊನೆಯ ಭಾಗ ಹೀಗಿತ್ತು: "...ಕತ್ತೆಗಳಾ, ಏಣಿ ಕೊಡ್ರೋ!"

ಎಲ್ಲರೂ ಏಣಿ ನೋಡಿದರು. ಆಮೇಲೆ ತಾರಸಿ ನೋಡಿದರು. ಎರಡಕ್ಕೂ ಸಂಬಂಧವಿದೆ ಎಂಬುದು ನಿಧಾನವಾಗಿ ತಲೆಗಿಳಿಯಿತು.

"ಅತ್ತೆ, ಮಾವ ಮೇಲಿರೋದು ನಿಮಗೆ ಗೊತ್ತಿತ್ತಾ?" ಎಂದರು ಡಾಕ್ಟರು.

"ಗೊತ್ತಿಲ್ದೆ ಏನಪ್ಪ, ಆವಾಗಿಂದ ಕೂಗ್ತಾ ಇದ್ದಾರೆ."

"ನಮಗೆ ಹೇಳ್ಬಾರ್ದಿತ್ತಾ?"

"ಹೇಳೋಣ ಅಂತ್ಲೇ ಇದ್ದೆ." ಅತ್ತೆ ಲೋಟಗಳನ್ನು ಹಂಚುತ್ತ ಹೋದರು. "ಅವರು ಕೂಗಿಯೂ ನನಗೆ ಕೆಲಸ ಬೀಳದೇ ಇದ್ದದ್ದು ಈ ಮನೆಗೆ ಬಂದಾಗಿಂದ ಇವತ್ತೇ ಮೊದಲು. ಸ್ವಲ್ಪ ಹೊತ್ತು ಹೇಗಿರುತ್ತೆ ನೋಡೋಣ ಅನ್ನಿಸ್ತು."

"ನನಗೂ ಕೇಳಿಸ್ತಾ ಇದೆ ಕಣೇ!" ಎಂದರು ಮಾವ ಮೇಲಿನಿಂದ.

"ಕೇಳಿಸ್ಲಿ ಅಂತ್ಲೇ ಹೇಳಿದ್ದು ರೀ. ಟೀ ಕುಡೀತೀರಾ?"

ಬಕೆಟ್ಟಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಮೇಲಕ್ಕೆಸೆದು, ಟೀ ಕಳಿಸಿದರು. ಮಾವ ಬಕೆಟ್ಟನ್ನು ಎಳೆದುಕೊಂಡ ರೀತಿಯಲ್ಲಿ ಕಸುಬಿನ ಘನತೆ ಇತ್ತು. ಒಂದು ತೊಟ್ಟೂ ಚೆಲ್ಲಲಿಲ್ಲ.

ಈಗ ಏಣಿ ಬಿಚ್ಚಬೇಕು. ಆದರೆ ಗರಗಸ ದಿಮ್ಮಿಯ ಹೊಟ್ಟೆಯೊಳಗಿತ್ತು. "ಈಗ ತೆಗೆದ್ರೆ ಹಲಗೆ ಕೆಟ್ಟುಹೋಗುತ್ತೆ," ಎಂದರು ಮೇಷ್ಟ್ರು, ಮಾವನ ಕಡೆ ನೋಡದೆ. ಅರ್ಧ ಕೊಯ್ತವನ್ನು ಅಲ್ಲಿಗೇ ಬಿಡುವುದು ಹಲ್ಲು ಅರ್ಧ ಕಿತ್ತು ಪೇಷಂಟನ್ನು ಮನೆಗೆ ಕಳಿಸಿದ ಹಾಗೆ ಎಂದು ಡಾಕ್ಟರಿಗೂ ಅನ್ನಿಸಿತು. ಉಳಿದರ್ಧವನ್ನೂ ಮುಗಿಸಿದರು. ಕೊಯ್ತ ಮುಗಿದದ್ದೇ ತಡ, ಮೇಲಿನ ಹೋಳು ಏಣಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಜಾರಿ, ಮಗುಚಿ, ಅಂಗಳಕ್ಕೆ ಬಿತ್ತು. ಏಣಿ ಅಡಿಗಾಯಿತು. ಹೋಳನ್ನು ಎತ್ತಿ ನೋಡಿದರೆ, ತೊಡೆಯಡಿ ಸಿಕ್ಕ ಕನ್ನಡಕದ ಹಾಗಿತ್ತು ಏಣಿಯ ಸ್ಥಿತಿ. ತಾಳುವ ಭಾರ ಅಚ್ಚಾಗಿದ್ದ ಚೀಟಿಗೆ ಮಾತ್ರ ಏನೂ ಆಗಿರಲಿಲ್ಲ.

"ಪಕ್ಕದ ಮನೇಲಿ ಒಂದು ಮರದ ಏಣಿ ಇದೆ, ಕೇಳ್ಲಾ?" ಎಂದರು ಅತ್ತೆ.

ಕೂಟಕ್ಕೆ ಇದು ಅವಮಾನವೆನಿಸಿತು. ಹಿತ್ತಲಲ್ಲಿ ಊರಗಲದ ಮರವಿದೆ, ಎಣಿಸಲಾರದಷ್ಟು ಗರಗಸವಿದೆ, ಗಂಡಸರ ದಂಡಿದೆ. ಹೀಗಿರುವಾಗ ಪಕ್ಕದ ಮನೆಗೆ ಹೋಗಿ ಏಣಿ ಕೇಳುವುದೇ?

"ನಾವೇ ಮಾಡೋಣ," ಎಂದ ಬೇಕರಿಯವನು.

"ಪಕ್ಕದವನ ಏಣಿ ನಾನು ನೋಡಿದ್ದೀನಿ," ಎಂದರು ಮಾವ. "ಮೊಳೆ ಹೊಡೆದು ಹೊಡೆದು ಜೋಡಿಸಿದ ಅಸ್ಥಿಪಂಜರ. ಎಷ್ಟು ಭಾರ ತಾಳುತ್ತೆ ಅಂತ ಅದರ ಮೇಲೆ ಬರ್ದಿದೆಯಾ? ಇಲ್ಲ. ನಾನು ಕಾಲಿಡಲ್ಲ. ಇನ್ನು ಏಣಿಯ ಸಹವಾಸವೇ ಬೇಡ. ಮೆಟ್ಟಿಲು ಮಾಡಿ. ಗಟ್ಟಿ ಮೆಟ್ಟಿಲು. ಆನೆ ಇಳಿದ್ರೂ ಅಲ್ಲಾಡಬಾರ್ದು. ಮಾಡ್ತಾ ಮಾಡ್ತಾ ನಾನು ಇಲ್ಲಿಂದ್ಲೇ ಇನ್ಸ್‌ಪೆಕ್ಷನ್ ಮಾಡ್ತೀನಿ."

ಈ ಜನಕ್ಕೆ ಬೇಕಾದದ್ದೂ ಅದೇ. ಮೆಷಿನ್ನುಗಳೆಲ್ಲ ಒಟ್ಟಿಗೆ ಚಾಲೂ ಆದವು. ದಿಮ್ಮಿಯಿಂದ ಅಂಗೈ ಅಗಲದಷ್ಟು ದಪ್ಪದ ಹಲಗೆಗಳು ಒಂದರ ಹಿಂದೊಂದು ಬಿದ್ದವು. ಎರಡು ಉದ್ದನೆಯ ಹಲಗೆ ಎರಡು ಬದಿಗೆ. ಅವುಗಳಲ್ಲಿ ಕಚ್ಚು ಕಡಿದು, ನಡುವೆ ಮೆಟ್ಟಿಲ ಹಲಗೆಗಳನ್ನು ಕೂರಿಸಬೇಕು. ಮಾವ ತಾರಸಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟುಕೊಂಡು, ಒಂದನ್ನೂ ಸುಮ್ಮನೆ ಬಿಡಲಿಲ್ಲ.

"ಮೇಷ್ಟ್ರೇ, ಅದು ಓರೆ!"

"ಓರೆ ಇಲ್ಲ ಸಾರ್, ಅಳತೆ ಮಾಡಿದ್ದೀನಿ."

"ಅಳತೆಪಟ್ಟಿಯೇ ಓರೆ ಹಿಡಿದಿದ್ದೀರಿ. ಮೇಲಿಂದ ಎಲ್ಲ ಕಾಣುತ್ತೆ ಸ್ವಾಮಿ!"

ನೋಡಿದರೆ ನಿಜಕ್ಕೂ ಓರೆ. ಮೇಷ್ಟ್ರು ಮೀಸೆಯಡಿ ಏನೋ ಗೊಣಗಿ ಮತ್ತೆ ಗೆರೆ ಎಳೆದರು.

ಮಧ್ಯಾಹ್ನ ಕಳೆದ ಮೇಲೆ ಮೆಟ್ಟಿಲನ್ನು ಎಲ್ಲಿ ನಿಲ್ಲಿಸುವುದೆಂಬ ಪ್ರಶ್ನೆ ಎದ್ದಿತು. ಶೆಡ್ಡಿನ ಹಿಂದುಗಡೆ ಕಾಂಪೌಂಡ್ ಗೋಡೆ. ಒಂದು ಪಕ್ಕದಲ್ಲಿ ಚರಂಡಿ, ಅದರ ಮೇಲೇ ಆ ಸಣ್ಣ ಬಾಗಿಲು. ಇನ್ನೊಂದು ಪಕ್ಕದಲ್ಲಿ ನೀರಿನ ತೊಟ್ಟಿ. ಮೇಷ್ಟ್ರು ಸುತ್ತು ಹಾಕಿ ಬಂದು ಶಟರಿನ ಎದುರು ನಿಂತು ಹಿಮ್ಮಡಿಯಲ್ಲಿ ನೆಲಕ್ಕೆ ಗೀರು ಹಾಕಿದರು.

"ಇಲ್ಲೊಂದೇ ಜಾಗ. ನಟ್ಟನಡುವೆ."

ಡಾಕ್ಟರು ಗೀರು ನೋಡಿದರು. ಅಗಲವಾದ ಶಟರ್ ನೋಡಿದರು. ಅಂಗಳದಲ್ಲಿ ಬಿದ್ದಿದ್ದ, ಹಸಿ ಮರದ, ಒಂದೊಂದೂ ಎಮ್ಮೆಯಷ್ಟು ತೂಗುವ ಹಲಗೆಗಳನ್ನು ನೋಡಿದರು. ಈ ಮೆಟ್ಟಿಲು ಇಲ್ಲಿ ನಿಂತ ಮೇಲೆ ಅದರ ಆಚೆ ಕಾರಲ್ಲ, ಕಾರಿನ ಕನಸೂ ನುಗ್ಗಲಾರದು. ಇದನ್ನು ಹೇಳಬೇಕಾದವರು ಯಾರಾದರೂ ಇದ್ದರೆ ಅದು ತಾವೇ. ಮೇಷ್ಟ್ರಿಗೆ ಕಾರಿನ ನೆನಪಿಲ್ಲ, ಬೇಕರಿಯವನಿಗೆ ಕಾರಿನ ಗೊಡವೆಯಿಲ್ಲ. ಹಲ್ಲಿನ ಡಾಕ್ಟರು ಅಲ್ಲಿಯವರೆಗೆ ಸಾವಿರಾರು ಬಾಯಿ ತೆರೆಸಿದವರು. ಅಂದು ಒಂದು ಬಾಯಿ ಮುಚ್ಚಿದರು. ತಮ್ಮದೇ.

"ಇಲ್ಲೇ ಆಗ್ಲಿ ಬಿಡಿ," ಎಂದರು. ಎಂದವರೇ ಯಾಕೋ ತಲೆಯೆತ್ತಿ ನೋಡಿದರು. ಮಾವ ಕೆಳಗೇ ನೋಡುತ್ತ ಕೂತಿದ್ದರು. ಏನೂ ಅನ್ನಲಿಲ್ಲ. ಬೆಳಗಿನಿಂದ ಅವರು ಏನೂ ಅನ್ನದೆ ಬಿಟ್ಟದ್ದು ಇದೊಂದಕ್ಕೇ.

ಮೆಟ್ಟಿಲನ್ನು ಎತ್ತಿ ನಿಲ್ಲಿಸಿದ್ದು ಸಣ್ಣ ಕತೆಯಲ್ಲ. ರಾಟೆ, ಸರಪಳಿ, ಜಾಕು, ಬೇಕರಿಯವನ ಭುಜ, ಎಲ್ಲ ಬೇಕಾದವು. ಎದ್ದು ನಿಂತು ಶೆಡ್ಡಿಗೆ ಒರಗಿದ ಮರುಗಳಿಗೆ ಅದರ ಎರಡು ಕಾಲೂ ಮೆತ್ತನೆ ಮಣ್ಣಿನಲ್ಲಿ ಮೊಳದುದ್ದ ಇಳಿದು ಕೂತವು. ನೆಲ ನಡುಗಿತು. ಅಡುಗೆಮನೆಯಲ್ಲಿ ಪಾತ್ರೆ ಉರುಳಿದ ಸದ್ದು ಕೇಳಿತು.

ಮಾವ ಎದ್ದು, ಬಟ್ಟೆ ಕೊಡವಿ, ಮೊದಲ ಮೆಟ್ಟಿಲ ಮೇಲೆ ಬರಿಗಾಲಿಟ್ಟರು. ನಿಂತರು. ಒಮ್ಮೆ ಕುಪ್ಪಳಿಸಿದರು. ಎರಡನೆಯದಕ್ಕೆ ಬಂದು ಅಲ್ಲೂ ಕುಪ್ಪಳಿಸಿದರು. ಪ್ರತಿ ಮೆಟ್ಟಿಲಿಗೂ ಅದೇ ಶಾಸ್ತ್ರ. ನೆಲಕ್ಕೆ ಬಂದವರು, ಎಲ್ಲರೂ ನೋಡುತ್ತಿರುವಾಗಲೇ, ತಿರುಗಿ ಮತ್ತೆ ಮೇಲೆ ಹತ್ತಿಹೋದರು. ಇನ್ನೊಮ್ಮೆ ಇಳಿದರು.

"ಪಾಸು," ಎಂದರು.

ಕೂಟ ಚಪ್ಪಾಳೆ ತಟ್ಟಿತು. ಬೇಕರಿಯವನು ಕಣ್ಣೊರೆಸಿಕೊಂಡ, ಹೊಟ್ಟು ಹೊಕ್ಕಿತ್ತು ಎಂದ.

ಅದೇ ಸಮಯಕ್ಕೆ ಗೇಟಿನಲ್ಲಿ ಹಾರನ್ ಕೇಳಿತು. ಷಡ್ಡಕ ಕಾರು ತಂದಿದ್ದ. ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆಯದ ಕಾರು. ಹಿತ್ತಲಿನವರೆಗೂ ಮೆಲ್ಲಗೆ ಓಡಿಸಿಕೊಂಡು ಬಂದು, ಮೆಟ್ಟಿಲ ಮುಂದೆ ನಿಲ್ಲಿಸಿ, ಕೆಳಗಿಳಿದ.

"ಭಾವ, ಇದೇನಿದು?"

"ಮೆಟ್ಟಿಲು," ಎಂದರು ಡಾಕ್ಟರು.

"ಮೆಟ್ಟಿಲು ಅಂತ ಕಾಣ್ತಾ ಇದೆ. ಇಲ್ಯಾಕಿದೆ?"

"ಮಾವ ಮೇಲಿದ್ರು."

"ಈಗ ಕೆಳಗಿದ್ದಾರಲ್ಲ! ಸರಿಸಿ ಅತ್ಲಾಗೆ."

ಸರಿಸಲು ನೋಡಿದರು. ಕೂಟಕ್ಕೆ ಕೂಟವೇ ಹೆಗಲು ಕೊಟ್ಟಿತು, ಷಡ್ಡಕನೂ ಇಸ್ತ್ರಿ ಅಂಗಿಯಲ್ಲೇ ಕೈಹಚ್ಚಿದ. ಮೆಟ್ಟಿಲು ಮಿಸುಕಲಿಲ್ಲ. ಷಡ್ಡಕನ ಅಂಗಿಯ ಹೊಲಿಗೆ ಮಾತ್ರ ಎಲ್ಲೋ ಬಿಟ್ಟ ಸದ್ದಾಯಿತು.

"ಇಷ್ಟೊಂದು ಗರಗಸ ಇಟ್ಕೊಂಡಿದ್ದೀರಲ್ಲ, ಕುಯ್ದು ಹಾಕಿ," ಎಂದ.

ಕೂಟದವರು ಮುಖ ಮುಖ ನೋಡಿಕೊಂಡರು. ಮೇಷ್ಟ್ರ ಮೆಷಿನ್ನಿನಲ್ಲಿ ಪೆಟ್ರೋಲ್ ಮುಗಿದಿತ್ತಂತೆ. ಬೇಕರಿಯವನದ್ದು ಚೈನ್ ಮೊಂಡಾಗಿತ್ತಂತೆ. ಇನ್ನೊಬ್ಬನಿಗೆ ಭಾನುವಾರ ಸಾಯಂಕಾಲ ಗರಗಸ ಮುಟ್ಟುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟದ್ದು ಆಗಷ್ಟೇ ನೆನಪಾಯಿತು.

"ನಿಮ್ದು, ಭಾವ?"

ಡಾಕ್ಟರ ಗರಗಸ ಕಾಲ ಬಳಿಯೇ ಇತ್ತು. ಟ್ಯಾಂಕು ತುಂಬಿತ್ತು. ಅರ್ಧ ಗಂಟೆಯ ಹಿಂದಷ್ಟೇ ಹಲ್ಲು ಮಸೆದಿದ್ದರು. ಸುಳ್ಳು ಹೇಳಲು ಬಾಯಿ ತೆರೆದರು. ಮಾವನ ಕಣ್ಣು ತಮ್ಮ ಮೇಲೇ ಇದ್ದದ್ದು ಕಂಡು ತೆರೆದ ಬಾಯಿ ತೆರೆದ ಹಾಗೇ ಉಳಿಯಿತು. ಪೇಷಂಟುಗಳ ಕಷ್ಟ ಏನೆಂಬುದು ಅವರಿಗೆ ಅಂದು ಗೊತ್ತಾಯಿತು.

"ಅದನ್ನ ಯಾರೂ ಮುಟ್ಟೋ ಹಾಗಿಲ್ಲ," ಎಂದರು ಮಾವ. "ನಾನು ಪಾಸ್ ಮಾಡಿದ ಮೆಟ್ಟಿಲು."

"ಮಾವ, ನೀವು ಮಾತು ಕೊಟ್ಟಿದ್ರಿ! ಶೆಡ್ಡು ನನಗೆ ಅಂತ."

"ಕೊಟ್ಟಿದ್ದೆ. ಈಗ್ಲೂ ಕೊಟ್ಟಿದ್ದೀನಿ. ನನ್ನ ಮಾತು ಅಂದ್ರೆ ಮಾತು." ಮಾವ ಶಟರಿನ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ, ಎಲ್ಲರೆದುರು ಕಿರಿಯ ಅಳಿಯನ ಅಂಗೈಗಿಟ್ಟರು. "ಶೆಡ್ಡು ನಿಂದು. ಹೇಗೆ ಬೇಕೋ ಹಾಗೆ ಒಳಗೆ ನಿಲ್ಲಿಸ್ಕೋ."

ಷಡ್ಡಕ ಬೀಗದ ಕೈ ನೋಡಿದ, ಕಾರು ನೋಡಿದ, ಮೆಟ್ಟಿಲು ನೋಡಿದ. ಸಿಕ್ಕಿತೆಂದು ನಗಬೇಕೋ, ಹೋಯಿತೆಂದು ಅಳಬೇಕೋ ತಿಳಿಯದೆ, ಕೊನೆಗೆ ಚರಂಡಿಯ ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ನುಗ್ಗಿ ತನ್ನ ಆಸ್ತಿಯನ್ನು ನೋಡಿಕೊಂಡು ಬರಲು ಹೋದ.

ಮಾವ ಡಾಕ್ಟರ ಮೊಣಕೈ ಹಿಡಿದು ಮೆಟ್ಟಿಲಿನಾಚೆ ಎಳೆದುಕೊಂಡರು.

"ಶಟರ್ ನೋಡಿದ್ರಿ. ಹಲಗೆ ನೋಡಿದ್ರಿ. ಆಮೇಲೆ ಬಾಯಿ ಮುಚ್ಕೊಂಡ್ರಿ."

"ಮಾವ, ಅದು ಏನಾಯ್ತು ಅಂದ್ರೆ..."

"ನಾನೂ ನೋಡ್ದೆ. ನಾನೂ ಮುಚ್ಕೊಂಡೆ." ಮಾವ ದನಿ ತಗ್ಗಿಸಿದರು. "ಮಗಳು ಮುಖ ಸಣ್ಣ ಮಾಡ್ಕೊಂಡು ಕೇಳಿದ್ಲು, ಹೂಂ ಅಂದ್ಬಿಟ್ಟೆ. ಆಮೇಲೆ ನಿದ್ದೆ ಇಲ್ಲ. ಇವನು ಬೆಳಕು ಹರಿಯೋಕ್ ಮುಂಚೆ ಡ್ಯೂಟಿಗೆ ಹೋಗೋನು. ಕಾರು ಇಲ್ಲಿಟ್ರೆ ದಿನಾ ಬಂದು ಮಾವ ಶಟರ್, ಮಾವ ಶಟರ್ ಅಂತಾನೆ. ಜೀವಮಾನವೆಲ್ಲ ಇನ್ನೊಬ್ಬರ ಬಾಗಿಲು ತೆಗೆದು ಮುಚ್ಚಿದ್ದಾಯ್ತಪ್ಪ ನಂಗೆ."

ಅಷ್ಟರಲ್ಲಿ ಷಡ್ಡಕ ಮೈಕೈಗೆ ಹೊಟ್ಟು ಮೆತ್ತಿಕೊಂಡು ಹೊರಬಂದ. ಡಾಕ್ಟರು ಎರಡು ಹೆಜ್ಜೆ ಮುಂದೆ ಹೋಗಿ, ಬಾಡಿಗೆದಾರ ಮನೆಯ ಮಾಲೀಕನ ಮುಂದೆ ನಿಲ್ಲುವ ಹಾಗೆ ಕೈಕಟ್ಟಿ ನಿಂತರು.

"ನೋಡಪ್ಪ, ನಿನ್ನ ಶೆಡ್ಡು. ನೀನು ಹೂಂ ಅಂದ್ರೆ, ಕಾರು ಒಳಗೆ ಹೋಗೋ ತನಕ ನನ್ನ ಸಾಮಾನು ಅಲ್ಲೇ ಇರ್ಲಾ?"

ಷಡ್ಡಕ ಸುತ್ತಲೂ ನೋಡಿದ. ಕೂಟಕ್ಕೆ ಕೂಟವೇ ಅವನ ಬಾಯಿಯನ್ನೇ ನೋಡುತ್ತಿತ್ತು. ಯಾರೂ ಅವನನ್ನು ಯಾವುದಕ್ಕೂ ಹೀಗೆ ಅನುಮತಿ ಕೇಳಿದ್ದಿಲ್ಲ. ಎದೆ ಸ್ವಲ್ಪ ಅಗಲವಾಯಿತು.

"ಇರ್ಲಿ ಬಿಡಿ ಭಾವ," ಎಂದ, ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ. "ಆದ್ರೆ ಗುಡಿಸಿ ನೀಟಾಗಿ ಇಟ್ಕೊಬೇಕು. ನನಗೆ ಕಸ ಅಂದ್ರೆ ಆಗಲ್ಲ."

"ಖಂಡಿತ," ಎಂದರು ಡಾಕ್ಟರು.

ಷಡ್ಡಕ ಕಾರನ್ನು ಹಿಂದಕ್ಕೆ ತೆಗೆಯುತ್ತಿರುವಾಗ ಮಾವ ಮೆಟ್ಟಿಲ ನಡುವೆ ನಿಂತು ಎರಡೂ ಬದಿಗೆ ಕೈಚಾಚಿ ಅಗಲ ನೋಡಿದರು.

"ಅಳಿಯಂದ್ರೇ, ಮುಂದಿನ ವಾರ ಇದಕ್ಕೊಂದು ರೇಲಿಂಗ್ ಆಗ್ಬೇಕು. ಎರಡೂ ಕಡೆ. ಸ್ವಲ್ಪ ಅಗಲವಾಗೇ ಇರ್ಲಿ."